ಯಂತ್ರದ ಮಾತು ಮತ್ತು ವ್ಯಾಪಾರದ ನಂಬಿಕೆ

ವ್ಯಾಪಾರವು ನಂಬಿಕೆಯ ಮೇಲೆ ನಡೆಯುತ್ತದೆಯೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಆ ನಂಬಿಕೆಯನ್ನು ಅವರು ಕಣ್ಣು ಮುಚ್ಚಿಕೊಂಡು ಇಟ್ಟವರಲ್ಲ. ದಿನಸಿ ಅಂಗಡಿಯಲ್ಲಿ ತಕ್ಕಡಿಯು ಗಿರಾಕಿಯ ಕಣ್ಣೆದುರಿಗೇ ತೂಗಬೇಕು. ತೂಕದ ಬಟ್ಟುಗಳ ಮೇಲೆ ಸರ್ಕಾರದ ಮುದ್ರೆ ಇರಬೇಕು. ಆ ಮುದ್ರೆಯನ್ನೂ ಕಾಲಕಾಲಕ್ಕೆ ಹೊಸದಾಗಿ ಹಾಕಿಸಬೇಕು. ಸಾಹುಕಾರನು ಬರೆದ ಕಿರ್ದಿ, ಖತಾವಣಿಗಳನ್ನು ಪಾಲುದಾರನು ಕೇಳಿದಾಗ ಬಿಚ್ಚಿ ತೋರಿಸಬೇಕು. ಇಷ್ಟು ಏರ್ಪಾಡು ಇದ್ದಲ್ಲಿ ಗಿರಾಕಿಯು ನಿಶ್ಚಿಂತೆಯಿಂದ ಹಣ ಎಣಿಸಿ ಕೊಡುತ್ತಾನೆ. ಪರದೆಯ ಹಿಂದೆ ತೂಗಿ ಪೊಟ್ಟಣ ಕಟ್ಟಿ ಕೊಡುವ ಅಂಗಡಿಗೆ, ಅಂಗಡಿಯವನು ಎಷ್ಟೇ ಸಜ್ಜನನಾದರೂ, ಎರಡನೆಯ ಬಾರಿ ಹೋಗುವವರು ಕಡಿಮೆ.

ಈಗ ಅಂಗಡಿಯವನ ಸ್ಥಾನದಲ್ಲಿ ಯಂತ್ರವೊಂದು ಬಂದು ಕುಳಿತಿದೆ. ಗಿರಾಕಿಯು ಕೇಳಿದ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ, ಪತ್ರ ಬರೆಯುತ್ತದೆ, ಒಪ್ಪಂದದ ಕರಡನ್ನು ಸಿದ್ಧಪಡಿಸುತ್ತದೆ, ನೂರು ಪುಟಗಳ ವರದಿಯನ್ನು ಒಂದು ಪುಟಕ್ಕೆ ಇಳಿಸುತ್ತದೆ. ಹೀಗೆ ಹೊಸದಾಗಿ ಮಾತುಗಳನ್ನು ಹೆಣೆದು ಕೊಡುವ ಗಣಕ ವ್ಯವಸ್ಥೆಗೆ ಸೃಜನಶೀಲ ಕೃತಕ ಬುದ್ಧಿಮತ್ತೆ ಎಂದು ಹೆಸರು. ಸೃಜನಶೀಲ ಎಂಬ ವಿಶೇಷಣವು ಕವಿಗೆ ಸಲ್ಲತಕ್ಕದ್ದು. ಯಂತ್ರಕ್ಕೆ ಅದು ತುಸು ದೊಡ್ಡ ಅಂಗಿಯೇ ಸರಿ. ಆದರೂ ಹೆಸರು ರೂಢಿಗೆ ಬಂದುಬಿಟ್ಟಿದೆ. 2022ರ ನವೆಂಬರ್ 30ರಂದು ಅಮೆರಿಕದ ಓಪನ್‌ಎಐ ಸಂಸ್ಥೆಯು ಚಾಟ್‌ಜಿಪಿಟಿ ಎಂಬ ವ್ಯವಸ್ಥೆಯನ್ನು ಜನಸಾಮಾನ್ಯರ ಬಳಕೆಗೆ ತೆರೆದ ಮೇಲೆ ಬ್ಯಾಂಕುಗಳು, ವಿಮಾ ಕಂಪನಿಗಳು, ಆಸ್ಪತ್ರೆಗಳು, ಸಣ್ಣಪುಟ್ಟ ವರ್ತಕರು ಎಲ್ಲರೂ ಇಂಥ ಯಂತ್ರಗಳತ್ತ ಮುಖ ಮಾಡಿದರು. ಅದಕ್ಕೂ ಮೊದಲೇ ಅನೇಕ ಕಂಪನಿಗಳ ಜಾಲತಾಣಗಳಲ್ಲಿ ಚಾಟ್‌ಬಾಟ್ ಎಂಬ ಮಾತುಗಾರ ಯಂತ್ರಗಳು ಕೆಲಸಕ್ಕೆ ನಿಂತಿದ್ದವು. ಇಂಥ ಯಂತ್ರವು ಆಡಿದ ಮಾತು ತಪ್ಪಾದರೆ ಹೊಣೆ ಯಾರದು ಎಂಬ ಪ್ರಶ್ನೆಯು ಕೆನಡಾ ದೇಶದಲ್ಲಿ ನ್ಯಾಯಮಂಡಳಿಯ ಮುಂದೆಯೇ ಬಂದಿತು. ಆ ವ್ಯಾಜ್ಯವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು.

2022ರ ನವೆಂಬರ್ ತಿಂಗಳಿನಲ್ಲಿ ವ್ಯಾಂಕೂವರಿನಿಂದ ಟೊರಾಂಟೊ ನಗರಕ್ಕೆ ಹೋಗಬೇಕಾಗಿದ್ದ ಪ್ರಯಾಣಿಕನೊಬ್ಬನು ಏರ್ ಕೆನಡಾ ಸಂಸ್ಥೆಯ ಜಾಲತಾಣವನ್ನು ತೆರೆದನು. ಅವನ ಅಜ್ಜಿ ತೀರಿಕೊಂಡಿದ್ದರು. ಬಂಧುಗಳ ಸಾವಿನ ಸಂದರ್ಭದಲ್ಲಿ ಪ್ರಯಾಣ ಮಾಡುವವರಿಗೆ ಟಿಕೆಟಿನ ದರದಲ್ಲಿ ರಿಯಾಯಿತಿ ಉಂಟೇ ಎಂದು ಅವನು ಅಲ್ಲಿದ್ದ ಚಾಟ್‌ಬಾಟನ್ನು ಕೇಳಿದನು. ಈಗ ಪೂರ್ಣ ದರ ಕೊಟ್ಟು ಟಿಕೆಟ್ ಕೊಂಡರೂ 90 ದಿನಗಳೊಳಗೆ ಅರ್ಜಿ ಹಾಕಿ ರಿಯಾಯಿತಿ ಪಡೆಯಬಹುದೆಂಬ ಅರ್ಥದ ಉತ್ತರ ಬಂದಿತು. ಸಾವಿನ ಮನೆಗೆ ಹೊರಟವನಿಗೆ ನಿಯಮಗಳನ್ನು ಹುಡುಕಿ ಓದುವ ವ್ಯವಧಾನ ಎಲ್ಲಿಯದು? ಅವನು ಆ ಮಾತನ್ನು ನಂಬಿ ಟಿಕೆಟ್ ಕೊಂಡನು; ಹೋಗಿ ಬಂದನು; ಅರ್ಜಿಯನ್ನೂ ಹಾಕಿದನು. ಸಂಸ್ಥೆಯ ನಿಜವಾದ ನಿಯಮವು ಬೇರೆಯಾಗಿತ್ತು. ಪ್ರಯಾಣ ಮುಗಿದ ಮೇಲೆ ರಿಯಾಯಿತಿ ಕೇಳುವಂತಿರಲಿಲ್ಲ. ಆ ನಿಯಮವು ಅದೇ ಜಾಲತಾಣದ ಇನ್ನೊಂದು ಪುಟದಲ್ಲಿ ಇತ್ತು.

ಹಣ ಹಿಂತಿರುಗಿಸಲು ಸಂಸ್ಥೆಯು ಒಪ್ಪಲಿಲ್ಲ. ಬ್ರಿಟಿಷ್ ಕೊಲಂಬಿಯಾ ಪ್ರಾಂತದ ನ್ಯಾಯಮಂಡಳಿಯ ಮುಂದೆ ಅದು ಮುಂದಿಟ್ಟ ವಾದವು ವಿಚಿತ್ರವಾಗಿತ್ತು. ಚಾಟ್‌ಬಾಟ್ ಹೇಳಿದ್ದಕ್ಕೆ ತಾನು ಹೊಣೆಯಲ್ಲವೆಂದು ಸಂಸ್ಥೆಯು ಹೇಳಿತು. ಹಾಗಾದರೆ ಆ ಯಂತ್ರವು ತನ್ನ ಕೃತ್ಯಗಳಿಗೆ ತಾನೇ ಹೊಣೆಯಾದ ಬೇರೊಬ್ಬ ವ್ಯಕ್ತಿಯೆಂದು ವಾದಿಸಿದಂತಾಯಿತಲ್ಲ ಎಂದು ಮಂಡಳಿಯು ಬೆರಗುಪಟ್ಟಿತು. ಜಾಲತಾಣದ ಒಂದು ಮೂಲೆಯಲ್ಲಿರುವುದು ಸರಿ, ಇನ್ನೊಂದು ಮೂಲೆಯಲ್ಲಿರುವುದು ತಪ್ಪು ಎಂದು ಗಿರಾಕಿಯು ತಿಳಿಯುವುದಾದರೂ ಹೇಗೆ? 2024ರ ಫೆಬ್ರವರಿ 14ರಂದು ಕೊಟ್ಟ ತೀರ್ಪಿನಲ್ಲಿ ಮಂಡಳಿಯು ಪ್ರಯಾಣಿಕನಿಗೆ 650 ಡಾಲರ್ 88 ಸೆಂಟ್ ಪರಿಹಾರವನ್ನೂ, ಅದರ ಮೇಲೆ ಬಡ್ಡಿಯನ್ನೂ ಶುಲ್ಕವನ್ನೂ ಕೊಡುವಂತೆ ಸಂಸ್ಥೆಗೆ ಆಜ್ಞೆ ಮಾಡಿತು. ಮೊತ್ತವು ದೊಡ್ಡದಲ್ಲ. ಆದರೆ ಆಳಿನ ಮಾತಿಗೆ ಯಜಮಾನನು ಹೊಣೆಯೆಂಬ ಹಳೆಯ ನ್ಯಾಯವು ಯಂತ್ರಕ್ಕೂ ಅನ್ವಯಿಸುವುದೆಂದು ಅಂದು ಸ್ಪಷ್ಟವಾಯಿತು.

ಆ ತೀರ್ಪಿನಲ್ಲಿ ಅಷ್ಟಾಗಿ ಯಾರ ಗಮನಕ್ಕೂ ಬಾರದ ಒಂದು ಮಾತಿದೆ. ಆ ಚಾಟ್‌ಬಾಟ್ ಯಾವ ಬಗೆಯದು, ಹೇಗೆ ಕೆಲಸ ಮಾಡುವಂಥದು ಎಂಬ ಬಗ್ಗೆ ಸಂಸ್ಥೆಯು ಯಾವ ಮಾಹಿತಿಯನ್ನೂ ಒದಗಿಸಲಿಲ್ಲವೆಂದು ಮಂಡಳಿಯು ಬರೆದಿದೆ. ಎಂದರೆ, ಗಿರಾಕಿಯನ್ನು ತೂಗಿದ ತಕ್ಕಡಿಯು ಕೊನೆಯವರೆಗೂ ಪರದೆಯ ಹಿಂದೆಯೇ ಉಳಿಯಿತು.

ಪರದೆಯನ್ನು ಸರಿಸಿದರೆ ಕಾಣುವುದೇನು? ಇಂದಿನ ಭಾಷಾ ಮಾದರಿಗಳು ಕೆಲಸ ಮಾಡುವ ಕ್ರಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. "ನಾಲ್ಕು ದಿನ ಬಿಡದೆ ಮಳೆ ಸುರಿದು ಊರಿನ ಕೆರೆ..." ಎಂದು ಉಪಾಧ್ಯಾಯರು ಹೇಳಿ ನಿಲ್ಲಿಸಿದರೆ ತರಗತಿಯು "ತುಂಬಿತು" ಎಂದು ಕೂಗುತ್ತದೆ. "ಒಣಗಿತು" ಎಂದು ಯಾರೂ ಹೇಳುವುದಿಲ್ಲ. ಕೇಳಿದ, ಓದಿದ ಸಾವಿರಾರು ವಾಕ್ಯಗಳ ನೆನಪು ಮಕ್ಕಳಿಂದ ಆ ಪದವನ್ನು ಹೇಳಿಸುತ್ತದೆ. ಭಾಷಾ ಮಾದರಿಯೂ ಅಪಾರವಾದ ಬರಹವನ್ನು ಓದಿ, ಒಂದು ಪದದ ತುಣುಕಿನ ಬಳಿಕ ಯಾವ ತುಣುಕು ಬರುವ ಸಂಭವ ಹೆಚ್ಚೆಂಬುದನ್ನು ಲೆಕ್ಕ ಹಾಕುತ್ತದೆ. 2017ರಲ್ಲಿ ಗೂಗಲ್ ಸಂಸ್ಥೆಯ ಎಂಟು ಮಂದಿ ಸಂಶೋಧಕರು ಟ್ರಾನ್ಸ್‌ಫಾರ್ಮರ್ ಎಂಬ ರಚನೆಯನ್ನು ಪ್ರಕಟಿಸಿದ ಮೇಲೆ ಈ ಲೆಕ್ಕವು ಬಹು ದೂರದ ಪದಗಳ ಸಂಬಂಧವನ್ನೂ ಹಿಡಿಯಬಲ್ಲದ್ದಾಯಿತು. ಲೆಕ್ಕದ ಫಲವೆಲ್ಲ ಕೋಟಿಗಟ್ಟಲೆ ಸಂಖ್ಯೆಗಳ ರೂಪದಲ್ಲಿ ಗಣಕಯಂತ್ರದಲ್ಲಿ ಉಳಿಯುತ್ತದೆ. ಕಾಕತಾಳೀಯವೋ ಏನೋ, ಆ ಸಂಖ್ಯೆಗಳಿಗೆ ತಜ್ಞರು ಇಟ್ಟ ಹೆಸರು ತೂಕಗಳು ಎಂದೇ.

ಕೆರೆ ತುಂಬಿತೆಂದು ಹೇಳಿದ ಮಕ್ಕಳು ಕೆರೆಯ ಏರಿಗೆ ಹೋಗಿ ನೋಡಿ ಬಂದವರಲ್ಲ. ಯಂತ್ರವೂ ನೋಡಿ ಬಂದುದಲ್ಲ. ಸಂಭವನೀಯವಾದುದನ್ನು ಅದು ಸರಾಗವಾಗಿ ನುಡಿಯುತ್ತದೆ, ಸಂಭವನೀಯವಾದುದೆಲ್ಲ ಸತ್ಯವಾಗಿರಬೇಕಿಲ್ಲ. ನ್ಯೂಯಾರ್ಕಿನ ಇಬ್ಬರು ವಕೀಲರು ಚಾಟ್‌ಜಿಪಿಟಿಯು ಕೊಟ್ಟ ಹಿಂದಿನ ತೀರ್ಪುಗಳ ಉಲ್ಲೇಖಗಳನ್ನು ಪರೀಕ್ಷಿಸದೆ ನ್ಯಾಯಾಲಯಕ್ಕೆ ಸಲ್ಲಿಸಿದರು. ಅಂಥ ತೀರ್ಪುಗಳೇ ಲೋಕದಲ್ಲಿ ಇರಲಿಲ್ಲ. 2023ರ ಜೂನ್‌ನಲ್ಲಿ ಅವರಿಗೂ ಅವರ ಕಚೇರಿಗೂ ಸೇರಿ 5,000 ಡಾಲರ್ ದಂಡ ಬಿದ್ದಿತು.

ಇಂಥ ಯಂತ್ರವನ್ನು ಸಂಸ್ಥೆಗಳು ಎರಡು ಬಗೆಯಲ್ಲಿ ತಂದುಕೊಳ್ಳುತ್ತವೆ. ಮೊದಲನೆಯದು ಬಾಡಿಗೆಯ ಬಗೆ. ಮಾದರಿಯು ಅದನ್ನು ಮಾಡಿದ ಕಂಪನಿಯ ಗಣಕಯಂತ್ರಗಳಲ್ಲಿಯೇ ಇರುತ್ತದೆ. ಬಳಸುವವರು ಅಂತರಜಾಲದ ಮೂಲಕ ಪ್ರಶ್ನೆ ಕಳುಹಿಸಿ ಉತ್ತರ ಪಡೆಯುತ್ತಾರೆ. ಪದಗಳ ತುಣುಕಿಗೆ ಇಷ್ಟೆಂದು ಹಣ ಕೊಡುತ್ತಾರೆ. ಇದರಲ್ಲಿ ಅನುಕೂಲ ಬಹಳ. ದೊಡ್ಡ ಯಂತ್ರ ಕೊಳ್ಳಬೇಕಿಲ್ಲ, ನಡೆಸಲು ತಜ್ಞರು ಬೇಕಿಲ್ಲ. ಆದರೆ ಪ್ರಶ್ನೆಯ ಜೊತೆಗೆ ಸಂಸ್ಥೆಯ ಗುಟ್ಟೂ ಗಿರಾಕಿಯ ಗುಟ್ಟೂ ಹೊರಕ್ಕೆ ಹೋಗುತ್ತವೆ. ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಸಂಸ್ಥೆಯ ಕೆಲವು ನೌಕರರು ಕಂಪನಿಯ ಆಂತರಿಕ ಗಣಕಲಿಪಿಯನ್ನು ಚಾಟ್‌ಜಿಪಿಟಿಗೆ ಹಾಕಿದುದು ತಿಳಿದು, 2023ರ ಮೇ ತಿಂಗಳಿನಲ್ಲಿ ಆ ಸಂಸ್ಥೆಯು ಇಂಥ ಸೇವೆಗಳ ಬಳಕೆಯನ್ನು ನಿರ್ಬಂಧಿಸಬೇಕಾಯಿತು. ಬಾಡಿಗೆಯ ಮನೆಯ ಇನ್ನೊಂದು ತೊಡಕು ಎಲ್ಲರಿಗೂ ತಿಳಿದದ್ದೇ: ಮಾಲೀಕನು ಬಿಡು ಎಂದಾಗ ಬಿಡಬೇಕು. ಅನೇಕರು ನೆಚ್ಚಿಕೊಂಡಿದ್ದ ಹಳೆಯ ಮಾದರಿಗಳನ್ನು ಓಪನ್‌ಎಐ ಸಂಸ್ಥೆಯು ಮುಂಚಿತವಾಗಿ ಸೂಚನೆ ಕೊಟ್ಟು 2024ರ ಜನವರಿ 4ರಂದು ನಿಲ್ಲಿಸಿತು. ಅವುಗಳ ಮೇಲೆ ಕೆಲಸ ಕಟ್ಟಿಕೊಂಡವರು ಹೊಸ ಮಾದರಿಗೆ ಒಗ್ಗಿಕೊಂಡು ಎಲ್ಲ ಪರೀಕ್ಷೆಗಳನ್ನೂ ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಎರಡನೆಯದು ತೆರೆದ ಮಾದರಿಗಳ ಬಗೆ. ಇಲ್ಲಿ ತೂಕಗಳನ್ನೇ ಪ್ರಕಟಿಸಿಬಿಡುತ್ತಾರೆ. ಬೇಕಾದವರು ಇಳಿಸಿಕೊಂಡು ತಮ್ಮ ಕಚೇರಿಯ ಗಣಕಯಂತ್ರದಲ್ಲಿಯೇ ನಡೆಸಬಹುದು. ತಮ್ಮ ಕೆಲಸಕ್ಕೆ ತಕ್ಕಂತೆ ಮತ್ತಷ್ಟು ಕಲಿಸಬಹುದು. ಕೊಟ್ಟ ಪ್ರಶ್ನೆಯು ಕಚೇರಿಯ ಹೊಸಿಲು ದಾಟುವುದಿಲ್ಲ. ಇಂದು ಪರೀಕ್ಷಿಸಿದ ಮಾದರಿಯು ನಾಳೆಯೂ ಅದೇ ಆಗಿರುತ್ತದೆ, ಏಕೆಂದರೆ ಅದನ್ನು ಬದಲಿಸುವವರು ಬೇರೆ ಯಾರೂ ಇಲ್ಲ.

ತೆರೆದ ಮಾದರಿಗಳ ಚರಿತ್ರೆಯಲ್ಲಿ ಬ್ಲೂಮ್ ಎಂಬುದರ ನಿರ್ಮಾಣವು ಒಂದು ಸೊಗಸಾದ ಅಧ್ಯಾಯ. ಬೇರೆ ಬೇರೆ ದೇಶಗಳ ಸಾವಿರಕ್ಕೂ ಮಿಕ್ಕ ಸಂಶೋಧಕರು ಬಿಗ್‌ಸೈನ್ಸ್ ಎಂಬ ಹೆಸರಿನಲ್ಲಿ ಸ್ವಇಚ್ಛೆಯಿಂದ ಒಟ್ಟುಗೂಡಿದರು. ಪ್ಯಾರಿಸ್ ನಗರದ ಬಳಿ ಇರುವ ಫ್ರೆಂಚ್ ಸರ್ಕಾರದ ಮಹಾಗಣಕವೊಂದರಲ್ಲಿ 2022ರ ಮಾರ್ಚ್ 11ರಿಂದ ಜುಲೈ 6ರವರೆಗೆ ಸುಮಾರು ನಾಲ್ಕು ತಿಂಗಳ ಕಾಲ ಮಾದರಿಗೆ ತರಬೇತಿ ನಡೆಯಿತು. ಆ ಮಹಾಗಣಕದ ಹೆಸರು ಝಾನ್ ಜೇ. ಝಾನ್ ಜೇ ಎಂಬವರು 1936ರಿಂದ 1939ರವರೆಗೆ ಫ್ರಾನ್ಸಿನ ವಿದ್ಯಾಮಂತ್ರಿಗಳಾಗಿದ್ದವರು; 1944ರಲ್ಲಿ ನಾಜಿ ಪರವಾದ ಪಡೆಯವರ ಕೈಯಲ್ಲಿ ಹತರಾದರು. ಶಾಲೆಗಳಿಗಾಗಿ ದುಡಿದ ಒಬ್ಬ ಮಂತ್ರಿಯ ಹೆಸರನ್ನು ಯಂತ್ರಕ್ಕೆ ಇಟ್ಟ ದೇಶದ ಬಗ್ಗೆ ಗೌರವ ಮೂಡದಿರದು.

ಬ್ಲೂಮ್ ಮಾದರಿಯಲ್ಲಿ 17,600 ಕೋಟಿ ತೂಕಗಳಿವೆ. ಮನುಷ್ಯರ 46 ಭಾಷೆಗಳನ್ನೂ ಗಣಕಯಂತ್ರದ 13 ಭಾಷೆಗಳನ್ನೂ ಅದಕ್ಕೆ ಓದಿಸಿದರು. ಕನ್ನಡವೂ ಅವುಗಳಲ್ಲಿ ಒಂದೆಂಬುದನ್ನು ಕೇಳಿದಾಗ ಸಂತೋಷವಾಗುತ್ತದೆ. ಆದರೆ ಯಾವ ಭಾಷೆಯ ಬರಹವನ್ನು ಎಷ್ಟು ಓದಿಸಿದೆವೆಂಬ ಲೆಕ್ಕವನ್ನು ನಿರ್ಮಾಪಕರು ಮುಚ್ಚಿಡದೆ ಪ್ರಕಟಿಸಿದ್ದಾರೆ. ಇಂಗ್ಲಿಷಿನ ಪಾಲು ನೂರಕ್ಕೆ 30. ಹಿಂದಿಯ ಪಾಲು ನೂರಕ್ಕೆ ಒಂದೂ ಇಲ್ಲ, 0.7. ಕನ್ನಡದ ಪಾಲು 0.06. ನೂರು ರೂಪಾಯಿಯ ಗಂಟಿನಲ್ಲಿ ಕನ್ನಡಕ್ಕೆ ದೊರೆತದ್ದು ಆರು ಪೈಸೆ! ಅಷ್ಟು ಓದಿದ ಯಂತ್ರವನ್ನು ಕನ್ನಡದ ಗಿರಾಕಿಗಳಿಗೆ ಉತ್ತರ ಹೇಳಲು ಕೂರಿಸಬಹುದೇ? ಕೂಡದೆಂದು ಬುದ್ಧಿವಂತನಾದ ವರ್ತಕನು ಆ ಪಟ್ಟಿಯನ್ನು ನೋಡಿದೊಡನೆಯೇ ತಿಳಿಯುತ್ತಾನೆ. ಲೆಕ್ಕವನ್ನು ಬಚ್ಚಿಟ್ಟ ಮಾದರಿಯಲ್ಲಿ ಕನ್ನಡದ ಪಾಲು ಆರು ಪೈಸೆಯೋ ಆರು ರೂಪಾಯಿಯೋ ತಿಳಿಯುವ ದಾರಿಯಿಲ್ಲ. ಗಿರಾಕಿಯು ಮೋಸಹೋದ ಮೇಲೆಯೇ ಗೊತ್ತಾಗಬೇಕು. ತೆರೆದಿರುವುದರ ನಿಜವಾದ ಲಾಭವು ಇಲ್ಲಿದೆ. ತೆರೆದ ಮಾದರಿಯು ಉತ್ತಮವಾಗಿಯೇ ಇರುತ್ತದೆಂದು ಯಾರೂ ಹೇಳಲಾರರು. ಅದರ ಕೊರತೆಯನ್ನು ಮೊದಲೇ ಅಳೆಯಬಹುದು, ಅಷ್ಟೆ.

ತೆರೆದದ್ದು ಎಂಬ ಮಾತನ್ನೂ ಎಚ್ಚರದಿಂದ ಕೇಳಬೇಕು. ಅಂಗಡಿಯ ಫಲಕದ ಮೇಲೆ ಶುದ್ಧ ತುಪ್ಪ ಎಂದು ಬರೆದ ಮಾತ್ರಕ್ಕೆ ಒಳಗಿರುವುದು ಶುದ್ಧವಾಗಬೇಕೆಂದಿಲ್ಲ. ಮೆಟಾ ಸಂಸ್ಥೆಯು 2023ರ ಜುಲೈನಲ್ಲಿ ಲಾಮಾ 2 ಎಂಬ ಮಾದರಿಯ ತೂಕಗಳನ್ನು ವ್ಯಾಪಾರದ ಬಳಕೆಗೂ ಅನುಮತಿ ಕೊಟ್ಟು ಪ್ರಕಟಿಸಿತು. ಆದರೆ ಅದಕ್ಕೆ ಓದಿಸಿದ ಬರಹಗಳು ಯಾವುವೆಂಬ ಪಟ್ಟಿಯನ್ನು ಕೊಡಲಿಲ್ಲ. ತಿಂಗಳಿಗೆ 70 ಕೋಟಿಗಿಂತ ಹೆಚ್ಚು ಬಳಕೆದಾರರುಳ್ಳ ಕಂಪನಿಗಳು ಬೇರೆ ಅಪ್ಪಣೆ ಪಡೆಯಬೇಕೆಂಬ ಷರತ್ತನ್ನೂ ಹಾಕಿತು. ಬ್ಲೂಮ್‌ಗೂ ಷರತ್ತುಗಳುಂಟು. ವೈದ್ಯಕೀಯ ಸಲಹೆ ಕೊಡುವುದಕ್ಕೆ ಅದನ್ನು ಬಳಸಕೂಡದು; ಒಬ್ಬ ವ್ಯಕ್ತಿಯ ಕಾನೂನುಬದ್ಧ ಹಕ್ಕಿಗೆ ಧಕ್ಕೆ ತರುವ ತೀರ್ಮಾನವನ್ನು ಮನುಷ್ಯರಿಲ್ಲದೆ ಯಂತ್ರದಿಂದಲೇ ಮಾಡಿಸಕೂಡದು. ಷರತ್ತುಗಳೇನೋ ಒಳ್ಳೆಯವೇ. ಆದರೂ ಪರವಾನಗಿ ಪತ್ರವನ್ನು ಓದದೆ ಮಾದರಿಯನ್ನು ತಂದು ಅಂಗಡಿಯಲ್ಲಿ ಕೂರಿಸಿದ ವರ್ತಕನು ತೊಂದರೆಗೆ ಸಿಕ್ಕಿಕೊಳ್ಳುತ್ತಾನೆ.

ತೆರೆದದ್ದು ಎಂಬುದರ ಅರ್ಥದ ಬಗ್ಗೆ ಇಂಥ ಗೊಂದಲವಿದ್ದುದರಿಂದ ಓಪನ್ ಸೋರ್ಸ್ ಇನಿಷಿಯೇಟಿವ್ ಎಂಬ ಸಂಸ್ಥೆಯು 2024ರ ಅಕ್ಟೋಬರ್ 28ರಂದು ಒಂದು ವ್ಯಾಖ್ಯೆಯನ್ನು ಪ್ರಕಟಿಸಿತು. ಅದರಂತೆ ತೂಕಗಳು, ತರಬೇತಿಯ ಗಣಕಲಿಪಿ, ಹಾಗೂ ಓದಿಸಿದ ಬರಹಗಳ ಬಗ್ಗೆ ನುರಿತವನೊಬ್ಬನು ಹೆಚ್ಚುಕಡಿಮೆ ಅಂಥದೇ ವ್ಯವಸ್ಥೆಯನ್ನು ಮತ್ತೆ ಕಟ್ಟಬಲ್ಲಷ್ಟು ವಿವರ, ಇವೆಲ್ಲವೂ ದೊರೆಯಬೇಕು. ಇಷ್ಟು ನಿಷ್ಠುರತೆ ಏಕೆಂದರೆ, ತೂಕಗಳು ಕೈಗೆ ಸಿಕ್ಕಿದ ಮಾತ್ರಕ್ಕೆ ಅವು ಅರ್ಥವಾಗುವುದಿಲ್ಲ. ಸಾವಿರಾರು ಕೋಟಿ ಸಂಖ್ಯೆಗಳನ್ನು ದಿಟ್ಟಿಸಿ ನೋಡಿ ಯಂತ್ರವು ನಾಳೆ ಏನು ಹೇಳುವುದೆಂದು ಹೇಳಬಲ್ಲವರು ಯಾರೂ ಇಲ್ಲ. ಅದು ಏನನ್ನು ಓದಿತೆಂಬುದು ತಿಳಿದರೆ ಎಲ್ಲಿ ತಪ್ಪೀತೆಂಬುದನ್ನು ಊಹಿಸಬಹುದು. ಅಮೆರಿಕದ ಸಿಯಾಟಲ್‌ನಲ್ಲಿರುವ ಆಲನ್ ಸಂಸ್ಥೆಯು 2024ರ ಫೆಬ್ರವರಿಯಲ್ಲಿ ಓಲ್ಮೊ ಎಂಬ ಮಾದರಿಯೊಂದಿಗೆ ಅದು ಓದಿದ ಬರಹರಾಶಿಯನ್ನೂ ಲೋಕದ ಮುಂದಿಟ್ಟಿತು. ಅದೇ ವರ್ಷ ಐಬಿಎಂ ಸಂಸ್ಥೆಯು ವ್ಯಾಪಾರ ಸಂಸ್ಥೆಗಳಿಗಾಗಿಯೇ ಗ್ರಾನೈಟ್ ಎಂಬ ಮಾದರಿಗಳನ್ನು ಅಪಾಚೆ ಎಂಬ ಉದಾರವಾದ ಪರವಾನಗಿಯ ಅಡಿಯಲ್ಲಿ ಬಿಡುಗಡೆ ಮಾಡಿತು.

ಕನ್ನಡದ ಬಡತನವನ್ನು ನೀಗುವ ಕೆಲಸವೂ ನಡೆದಿದೆ. ಮದರಾಸಿನ ಐಐಟಿಯಲ್ಲಿರುವ ಎಐ4ಭಾರತ್ ಎಂಬ ತಂಡವು ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ 22 ಭಾಷೆಗಳ ನಡುವೆ ಅನುವಾದ ಮಾಡುವ ಇಂಡಿಕ್‌ಟ್ರಾನ್ಸ್2 ಎಂಬ ಮಾದರಿಯನ್ನು 2023ರಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಬೆಂಗಳೂರಿನ ಸರ್ವಂ ಸಂಸ್ಥೆಯು 2024ರಲ್ಲಿ ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳನ್ನು ಗಮನದಲ್ಲಿಟ್ಟುಕೊಂಡ ಒಂದು ಚಿಕ್ಕ ಮಾದರಿಯ ತೂಕಗಳನ್ನು ಪ್ರಕಟಿಸಿತು. ಇದರಲ್ಲಿ ಹಣಕಾಸಿನ ಮಾತೂ ಇದೆ. ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಯಂತ್ರಗಳು ಕನ್ನಡದ ಒಂದು ಪದವನ್ನು ಹಲವು ಚೂರುಗಳಾಗಿ ಕತ್ತರಿಸುತ್ತವೆ. "ಮನೆಯಲ್ಲಿದ್ದವರಿಗೆ" ಎಂಬಂಥ ಪದದ ಗತಿಯನ್ನು ಕೇಳುವುದೇ ಬೇಡ! ಚೂರಿಗೆ ಇಷ್ಟೆಂದು ಹಣ ತೆರುವಲ್ಲಿ ಕನ್ನಡಿಗನು ಅದೇ ಪ್ರಶ್ನೆಗೆ ಹೆಚ್ಚು ತೆರಬೇಕಾಗುತ್ತದೆ.

ಈಗ ತಾಲ್ಲೂಕು ಕೇಂದ್ರವೊಂದರ ಸಹಕಾರಿ ಸಂಘವನ್ನು ಊಹಿಸಿಕೊಳ್ಳೋಣ. ಸಂಘದಲ್ಲಿ ಎರಡು ಸಾವಿರ ಸದಸ್ಯರಿದ್ದಾರೆ, ಹೆಚ್ಚಿನವರು ರೈತರು. ಬೆಳೆ ಸಾಲದ ನಿಯಮ, ಬಡ್ಡಿಯ ದರ, ಮರುಪಾವತಿಯ ಗಡುವು ಇವುಗಳನ್ನು ಕೇಳಲು ದಿನವೂ ಜನ ಬರುತ್ತಾರೆ. ಗುಮಾಸ್ತರು ಇಬ್ಬರೇ. ಉತ್ತರ ಹೇಳಲು ಒಂದು ಯಂತ್ರವನ್ನು ಇಟ್ಟರೆ ಹೇಗೆಂದು ಕಾರ್ಯದರ್ಶಿಯು ಯೋಚಿಸುತ್ತಾನೆ. ಗಡುವು ಒಂದು ವಾರ ತಡವಾಗಿದೆಯೆಂದು ಯಂತ್ರವು ತಪ್ಪಾಗಿ ಹೇಳಿ, ರೈತನು ಅದನ್ನು ನಂಬಿ ಮನೆಯಲ್ಲಿ ಕುಳಿತರೆ, ಅವನು ಬಡ್ಡಿಯ ರಿಯಾಯಿತಿಯನ್ನು ಕಳೆದುಕೊಳ್ಳಬಹುದು. ಅವನ ಪಾಲಿಗೆ ಅದು ಒಂದು ಬೆಳೆಯ ಲಾಭ. ಆದುದರಿಂದ ಕಾರ್ಯದರ್ಶಿಯು ಅವಸರ ಮಾಡುವಂತಿಲ್ಲ.

ಅವನು ಚಿಕ್ಕದೊಂದು ತೆರೆದ ಮಾದರಿಯನ್ನು ಆರಿಸುತ್ತಾನೆ; ಒಂದು ಒಳ್ಳೆಯ ಗಣಕಯಂತ್ರದಲ್ಲಿ ನಡೆಯುವಂಥದು ಸಾಕು. ಸದಸ್ಯರ ಸಾಲದ ವಿವರ ಸಂಘದ ಕಟ್ಟಡದಿಂದ ಹೊರಗೆ ಹೋಗಬಾರದೆಂಬುದು ಅವನ ಮೊದಲ ಹಟ. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯ ಆಶಯವೂ ಈ ಹಟಕ್ಕೆ ಒತ್ತಾಸೆಯಾಗಿದೆ. ಎರಡನೆಯದಾಗಿ, ಯಂತ್ರವು ತನ್ನ ನೆನಪಿನಿಂದ ಉತ್ತರಿಸದಂತೆ ಅವನು ಏರ್ಪಾಡು ಮಾಡುತ್ತಾನೆ. ಪ್ರಶ್ನೆ ಬಂದೊಡನೆ ಸಂಘದ ನಿಯಮಾವಳಿಯಿಂದಲೂ ಸುತ್ತೋಲೆಗಳಿಂದಲೂ ಸಂಬಂಧಪಟ್ಟ ಭಾಗವನ್ನು ಹುಡುಕಿ ತೆಗೆದು ಯಂತ್ರದ ಮುಂದಿಡಬೇಕು. ಯಂತ್ರವು ಅದನ್ನು ನೋಡಿಕೊಂಡು ಹೇಳಬೇಕು. ಯಾವ ನಿಯಮದ ಆಧಾರದಿಂದ ಹೇಳಿದೆನೆಂಬುದನ್ನೂ ತಿಳಿಸಬೇಕು. ಪುಸ್ತಕ ಬಿಚ್ಚಿಟ್ಟುಕೊಂಡು ಬರೆಯುವ ಪರೀಕ್ಷೆಯಲ್ಲಿಯೂ ತಪ್ಪು ಬರೆಯುವ ಹುಡುಗರಿರುತ್ತಾರೆ. ಯಂತ್ರವೂ ಆಗಾಗ ಹಾಗೆ ಮಾಡುತ್ತದೆ. ಆದರೆ ಆಧಾರವು ಜೊತೆಗಿದ್ದರೆ ತಪ್ಪನ್ನು ಹಿಡಿಯುವುದು ಸುಲಭ.

ಬಾಗಿಲು ತೆರೆಯುವ ಮೊದಲು ಪರೀಕ್ಷೆಯಾಗಬೇಕು. ಹಿರಿಯ ಗುಮಾಸ್ತೆಯೊಬ್ಬಳಿಗೆ ಜನರು ಕೇಳುವ ರೀತಿ ಚೆನ್ನಾಗಿ ತಿಳಿದಿದೆ. ಅವರು "ಮರುಪಾವತಿಯ ಅಂತಿಮ ದಿನಾಂಕ ಯಾವುದು?" ಎಂದು ಕೇಳುವವರಲ್ಲ, "ಸಾಲ ಯಾವಾಗ್ ಕಟ್ಬೇಕವ್ವ?" ಎನ್ನುವವರು. ಅವಳು ಅಂಥ ಇನ್ನೂರು ಪ್ರಶ್ನೆಗಳನ್ನು ಆಡುಮಾತಿನಲ್ಲಿಯೇ ಬರೆದು, ಸರಿಯಾದ ಉತ್ತರಗಳನ್ನು ಪಕ್ಕದಲ್ಲಿಟ್ಟುಕೊಂಡು ಯಂತ್ರವನ್ನು ಪರೀಕ್ಷಿಸುತ್ತಾಳೆ. ನಿಯಮಾವಳಿಯಲ್ಲಿ ಉತ್ತರವೇ ಇಲ್ಲದ ಇಪ್ಪತ್ತು ಪ್ರಶ್ನೆಗಳನ್ನೂ ಬೇಕೆಂದೇ ಸೇರಿಸುತ್ತಾಳೆ. "ಇದು ನನಗೆ ತಿಳಿಯದು, ಕಚೇರಿಯಲ್ಲಿ ಕೇಳಿರಿ" ಎಂದು ಯಂತ್ರವು ಹೇಳುತ್ತದೆಯೋ ಅಥವಾ ಏನಾದರೊಂದನ್ನು ಹೆಣೆದು ಕೊಡುತ್ತದೆಯೋ ನೋಡಬೇಕಲ್ಲ! ಇಷ್ಟೂ ಕೆಲಸಕ್ಕೆ ಇಂಜಿನಿಯರನ ವಿದ್ಯೆ ಬೇಕಿಲ್ಲ; ಸಂಘದ ವ್ಯವಹಾರವನ್ನು ಬಲ್ಲವರ ವಿದ್ಯೆ ಬೇಕು. ಬಡ್ಡಿಯ ದರ ಬದಲಾದ ದಿನ ಮತ್ತೆ ಪರೀಕ್ಷೆಯಾಗಬೇಕು, ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸಿದ ಹಾಗೆ.

ತೆರೆದ ಮಾದರಿಯ ಕಷ್ಟವೂ ಇಲ್ಲಿಯೇ ಇದೆ. ಬಾಡಿಗೆಯ ಯಂತ್ರ ಕೆಟ್ಟರೆ ದೂರು ಕೊಡಲು ಒಂದು ಕಂಪನಿಯಾದರೂ ಇರುತ್ತದೆ. ಇಳಿಸಿಕೊಂಡು ತಂದ ಮಾದರಿಯು ತಪ್ಪಿದರೆ ದೂರು ಬರುವುದು ಸಂಘದ ಮೇಜಿಗೆ. ಯಂತ್ರವನ್ನು ಕಾಯುವವರು, ಕಳ್ಳಕೈಗಳಿಂದ ರಕ್ಷಿಸುವವರು, ತಿದ್ದುವವರು ಎಲ್ಲರೂ ಮನೆಯವರೇ ಆಗಬೇಕು. ಆ ಶಕ್ತಿಯಿಲ್ಲದ ಸಣ್ಣ ಸಂಘವು ಸದ್ಯಕ್ಕೆ ಗುಮಾಸ್ತರನ್ನೇ ನೆಚ್ಚಿಕೊಂಡಿರುವುದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಎಲ್ಲರೂ ಕೊಂಡರೆಂದು ತಾನೂ ಯಂತ್ರ ಕೊಂಡು ಮೂಲೆಯಲ್ಲಿಟ್ಟ ಸಂಸ್ಥೆಗಳು ಹಿಂದೆಯೂ ಇದ್ದವು.

ಯಂತ್ರವನ್ನು ಇಟ್ಟುಕೊಂಡ ಸಂಘದಲ್ಲಿ ಕಾರ್ಯದರ್ಶಿಯು ಕಿಟಕಿಯ ಬಳಿ ಒಂದು ದಪ್ಪ ಪುಸ್ತಕವನ್ನೂ ಇಡುತ್ತಾನೆ. ಯಂತ್ರವು ತಪ್ಪು ಹೇಳಿತೆಂದು ಯಾರಿಗೆ ತೋರಿದರೂ ಅದರಲ್ಲಿ ಬರೆಯಬಹುದು. ಬರೆಯಲು ಬಾರದವರು ಹೇಳಿದರೆ ಗುಮಾಸ್ತೆಯು ಬರೆದುಕೊಳ್ಳುತ್ತಾಳೆ. ಸಂಜೆ ಕಚೇರಿ ಮುಚ್ಚುವ ಮೊದಲು ಕಾರ್ಯದರ್ಶಿಯು ಅಂದಿನ ಪುಟವನ್ನು ಓದಿ, ತಪ್ಪು ಉತ್ತರ ಪಡೆದ ಸದಸ್ಯನ ಮನೆಗೆ ಆಳನ್ನು ಕಳುಹಿಸಿ ಸರಿಯಾದ ದಿನಾಂಕವನ್ನು ತಿಳಿಸಿ, ಪುಟದ ಕೆಳಗೆ ತನ್ನ ರುಜು ಹಾಕುತ್ತಾನೆ.